ಆಯಿ ತೋಳಿನ ಎರಡು ಕಲೆ: ಬೆಳಗಾವಿ ವ್ಯಾಕ್ಸಿನ್ ಡಿಪೋದಿಂದ ಶುರುವಾದ ಒಂದು ಕಥಿ

1/9
ಫೋಟೋದಾಗ ಇರೋದು ನಮ್ಮ ಆಯಿ ತೋಳು. ಝೂಮ್ ಮಾಡಿ ನೋಡ್ರಿ. ಎಂಟಾಣೆ ನಾಣ್ಯದಷ್ಟು ಅಗಲದ ಎರಡು ಕಲೆ ಅದಾವ. ನಡುವ ಚರ್ಮ ಸುಕ್ಕಾಗಿ ಸ್ವಲ್ಪ ಒಳಗ ಕುಂತಂಗ ಕಾಣತದ. ಸಣ್ಣವ ಇದ್ದಾಗ ನಾ ಅದರ ಮ್ಯಾಲೆ ಬೆರಳು ಇಟ್ಟು ಆಡತಿದ್ದೆ. ಸುಟ್ಟ ಗಾಯ ಇರಬೇಕು ಅಂತ ತಿಳಕೊಂಡಿದ್ದೆ.

ಅಪ್ಪನ ತೋಳಿನ ಮ್ಯಾಲೆ ಇಂಥಾದ್ದು ಇಲ್ಲ. ಅಂವಗೂ ನನಗೂ ಇರೋದು ಒಂದೇ ಸಣ್ಣ ಕಲೆ, ಅದು ಹುಟ್ಟಿದಾಗ ಹಾಕೋ ಬಿಸಿಜಿ, ಟಿಬಿ ಸಲುವಾಗಿ. ಆಯಿದು ಬ್ಯಾರೆ. ಕೇಳಿದ್ರ ಆಕಿ ಇಷ್ಟ ಹೇಳತಾಳ: "ಮೈಲಿ ಹಾಕಿದ್ದು. ಶಾಳ್ಯಾಗ ಹಿಡದು ಹಾಕಿದ್ರು. ಒಂದ ಸಲ ಹಾಕಿ ಹೋದ್ರು, ಮುಂದಿನ ವರ್ಷ ಬಂದು ಮತ್ತ ಹಾಕಿದ್ರು. ಜ್ವರ ಬಂದು ಮಲಗಿದ್ದೆ."

ಯಾಕ ಎರಡು ಸಲ? ಯಾಕ ಅಪ್ಪಗ ಇಲ್ಲ? ಈ ಎರಡು ಪ್ರಶ್ನೆ ಹಿಡಕೊಂಡು ಹೊಂಟ್ರ ಬೆಳಗಾವಿ, ಬಾಗ್ದಾದ್, ಮಾಸ್ಕೋ, ಬಿಹಾರ ಎಲ್ಲಾ ಕಡೆ ಹೋಗಿ ವಾಪಸ್ ನಮ್ಮ ಅನಂತಪುರಕ್ಕ ಬಂದು ನಿಲ್ಲಬೇಕಾಗ್ತದ. ಒಟ್ಟು 9 ಭಾಗ ಅದಾವ, ಕೆಲವು ಉದ್ದ ಅದಾವ. ಸೇವ್ ಮಾಡಿಟ್ಟು ಬಸ್ಸಿನಾಗ ಓದ್ರಿ.

2/9
ಮೊದಲು ರೋಗ. ಸಿಡುಬು. ನಮ್ಮ ಕಡೆ ಮೈಲಿ ಬ್ಯಾನಿ ಅಂತಾರ, ಇಲ್ಲಾ "ಅಮ್ಮ ಬಂದಾಳ" ಅಂತಾರ. ಈಗ ಮಕ್ಕಳಿಗೆ ಬರೋ ಚಿಕನ್‌ಪಾಕ್ಸ್‌ಗೂ ಹಂಗ ಅನ್ನೋದರಿಂದ ಭಾಳ ಮಂದಿ ಎರಡೂ ಒಂದೇ ಅಂತ ತಿಳಕೊಂಡಾರ. ಅಲ್ಲ. ಚಿಕನ್‌ಪಾಕ್ಸ್ ಬಂದವರು ಹೆಚ್ಚಾಗಿ ಆರಾಮ ಆಗ್ತಾರ. ಸಿಡುಬು ಬಂದವರೊಳಗ, ಲಸಿಕೆ ಇಲ್ಲದವರಾಗಿದ್ರ, ನಾಲ್ಕೈದು ಮಂದಿಗೆ ಒಬ್ಬರು ಸಾಯತಿದ್ದರು. ಉಳಿದವರ ಮುಖದ ತುಂಬ ಕುಳಿ ಬೀಳತಿದ್ವು, ಕೆಲವರ ಕಣ್ಣು ಹೋಗತಿದ್ವು. 20ನೇ ಶತಮಾನ ಒಂದರಾಗೇ ಜಗತ್ತಿನಲ್ಲಿ ಸುಮಾರು 30 ಕೋಟಿ ಜನ ಇದರಿಂದ ಸತ್ತರು ಅನ್ನೋದು ಅಂದಾಜು. ಎರಡೂ ಮಹಾಯುದ್ಧ ಕೂಡಿಸಿದರೂ ಅಷ್ಟಾಗೋದಿಲ್ಲ.

ಆದ್ರ ಈ ರೋಗಕ್ಕ ಮೂರು ದೌರ್ಬಲ್ಯ ಇದ್ವು. ಮನುಷ್ಯರನ್ನ ಬಿಟ್ಟು ಬ್ಯಾರೆ ಪ್ರಾಣಿಯಲ್ಲಿ ಅದು ಅಡಗಿ ಕೂಡತಿರಲಿಲ್ಲ. ಬಂದರೆ ಮುಖದ ಮ್ಯಾಲೆ ಎದ್ದು ಕಾಣತಿತ್ತು, ಡಾಕ್ಟರ್ ಅಲ್ಲದವರೂ ಗುರುತಿಸಬಹುದಿತ್ತು. ಮತ್ತ ಸೋಂಕು ತಗಲಿ ರೋಗ ಕಾಣಿಸಿಕೊಳ್ಳಾಕ ಹೆಚ್ಚುಕಡಿಮೆ 12 ದಿನ ಬೇಕಾಗತಿತ್ತು, ಅಂದ್ರ ಬೆನ್ನು ಹತ್ತಿ ಹಿಡಿಯಾಕ ಸ್ವಲ್ಪ ಟೈಮ್ ಸಿಗತಿತ್ತು. ಈ ಮೂರು ನೆನಪಿಟ್ಟುಕೊಳ್ರಿ, ಆರನೇ ಭಾಗದಾಗ ಬೇಕಾಗ್ತಾವ.

3/9
1796ರಲ್ಲಿ ಇಂಗ್ಲೆಂಡಿನ ಹಳ್ಳಿ ಡಾಕ್ಟರ್ ಎಡ್ವರ್ಡ್ ಜೆನ್ನರ್, ಹಸುವಿನ ಕೆಚ್ಚಲಿಗೆ ಬರೋ ಸಣ್ಣ ಬ್ಯಾನಿಯ ಕೀವನ್ನ ಒಬ್ಬ ಹುಡುಗನ ಕೈಗೆ ಹಚ್ಚಿ ಸಿಡುಬು ತಡೆಯೋ ದಾರಿ ತೋರಿಸಿದ. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ ವ್ಯಾಕ್ಕಾ ಅಂತಾರ. ವ್ಯಾಕ್ಸಿನ್ ಅನ್ನೋ ಶಬ್ದ ಹುಟ್ಟಿದ್ದೇ ಅಲ್ಲಿಂದ. ಇದು ನಿಮಗ ಶಾಳ್ಯಾಗ ಹೇಳ್ಯಾರ. ಹೇಳದೇ ಇದ್ದದ್ದು ಮುಂದಿನದು.

ಆ ಕೀವು ಭಾರತಕ್ಕ ಹೆಂಗ ಬಂತು? ಹಡಗಿನಾಗ ತಿಂಗಳುಗಟ್ಟಲೆ ಪ್ರಯಾಣ, ಸೆಕೆ, ಫ್ರಿಜ್ ಇಲ್ಲ. ಸಮುದ್ರದ ಮ್ಯಾಲೆ ಕಳಿಸಿದ್ದು ಕೆಟ್ಟು ಹೋಗತಿತ್ತು. ಆಗ ವಿಯೆನ್ನಾದಲ್ಲಿ ಜಾನ್ ದ ಕಾರೋ ಅನ್ನೋ ಡಾಕ್ಟರ್ ಇದ್ದ. ಇಟಲಿಯ ಲೊಂಬಾರ್ಡಿಯ ಹಸುಗಳಿಂದ ತಯಾರಾದ ಲಸಿಕೆಯನ್ನ ಅಂವ ಗಾಜಿನ ನಡುವ ಇಟ್ಟು, ಗಾಳಿ ಹೋಗದಂಗ ಮೇಣ ಬಳಿದು ನೆಲದ ದಾರಿಯಲ್ಲಿ ಬಾಗ್ದಾದಿಗೆ ಕಳಿಸಿದ. ಅಲ್ಲಿ ಮಕ್ಕಳಿಗೆ ಹಾಕಿದರು, ಹತ್ತಿತು. ಬಾಗ್ದಾದಿನಿಂದ ಬಸ್ರಾ, ಬಸ್ರಾದಿಂದ ಹಡಗಿನಲ್ಲಿ ಮುಂಬಯಿ. ದಾರಿಯುದ್ದಕ್ಕೂ ಒಬ್ಬರ ತೋಳಿನ ಗುಳ್ಳೆಯಿಂದ ಕೀವು ತೆಗೆದು ಇನ್ನೊಬ್ಬರ ತೋಳಿಗೆ ಹಚ್ಚುತ್ತಾ ಅದನ್ನ ಜೀವಂತ ಇಟ್ಟರು.

1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಅನ್ನೋ 3 ವರ್ಷದ ಹುಡುಗಿಗೆ ಅದು ಸರಿಯಾಗಿ ಹತ್ತಿತು. ಭಾರತದಲ್ಲಿ ಲಸಿಕೆ ತಗೊಂಡ ಮೊದಲಿಗಳು ಆಕಿ. ಆಕಿಯಿಂದ ಬ್ಯಾರೆ ಮಕ್ಕಳಿಗೆ, ಅವರಿಂದ ಪುಣೆ, ಸೂರತ್, ಹೈದರಾಬಾದ್, ಮದ್ರಾಸ್. ಒಂದು ಹುಡುಗಿಯ ತೋಳು ಅರ್ಧ ದೇಶಕ್ಕ ದಾರಿ ಆಯ್ತು.

ಮೈಸೂರಿಗೂ ಈ ಕಥಿ ಮುಟ್ಟತದ. ಥಾಮಸ್ ಹಿಕ್ಕಿ ಅನ್ನೋ ಚಿತ್ರಕಾರ 1805ರ ಹೊತ್ತಿಗೆ ಬರೆದ ಒಂದು ಚಿತ್ರದಾಗ ಮೂವರು ರಾಜಮನೆತನದ ಹೆಣ್ಣುಮಕ್ಕಳು ನಿಂತಾರ. ಅದರೊಳಗ ಒಬ್ಬಾಕಿ ಸೆರಗು ಸರಿಸಿ ತೋಳು ತೋರಿಸ್ತಾಳ. ಆಕಿ ಮುಮ್ಮಡಿ ಕೃಷ್ಣರಾಜರ ರಾಣಿ ದೇವಾಜಮ್ಮಣ್ಣಿ, ತೋರಿಸ್ತಿರೋದು ಲಸಿಕೆ ಹಾಕಿಸಿಕೊಂಡ ಜಾಗ, ಜನ ಹೆದರಬಾರದು ಅಂತ ಬರೆಸಿದ ಚಿತ್ರ ಇದು, ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದ. ಎಲ್ಲಾರೂ ಒಪ್ಪಿಲ್ಲ. ನನಗಂತೂ ಒಪ್ಪೋ ಆಸೆ ಐತಿ. 200 ವರ್ಷದ ಹಿಂದಿನ "ನಾನು ಹಾಕಿಸಿಕೊಂಡೆ, ನೀವು?" ಸೆಲ್ಫಿ ಅಲ್ಲೇನು ಅದು?

4/9
ಈ ಫೋಟೋ ಟಿಳಕವಾಡಿಯದು. ಬೆಳಗಾವಿಗೆ ಹೋದವರಿಗೆಲ್ಲಾ ವ್ಯಾಕ್ಸಿನ್ ಡಿಪೋ ಗೊತ್ತು. ದೊಡ್ಡ ದೊಡ್ಡ ಗಿಡ, ಬೆಳಿಗ್ಗೆ ವಾಕಿಂಗ್ ಮಾಡೋ ಮಂದಿ, ಕ್ರಿಕೆಟ್ ಆಡೋ ಹುಡುಗರು. ರಿಕ್ಷಾದವರಿಗೆ "ವ್ಯಾಕ್ಸಿನ್ ಡಿಪೋ" ಅಂದ್ರ ಸಾಕು. ಆದ್ರ ಆ ಹೆಸರು ಯಾಕ ಬಂತು ಅಂತ ನಾ ಕೇಳಿದ ಐದು ಮಂದಿಯೊಳಗ ಒಬ್ಬರೂ ಹೇಳಲಿಲ್ಲ. ಒಬ್ಬ ದೋಸ್ತ "ಕೊರೋನಾ ಟೈಮಿನಾಗ ಇಟ್ಟ ಹೆಸರು" ಅಂದ. ನಗಬ್ಯಾಡ್ರಿ, ಅವನೂ ಇದನ್ನ ಓದತಾನ.

ಹೆಸರು ಬ್ರಿಟಿಷರ ಕಾಲದ್ದು. ತೋಳಿನಿಂದ ತೋಳಿಗೆ ಲಸಿಕೆ ದಾಟಿಸೋದರಾಗ ಎರಡು ತೊಂದರೆ ಇದ್ವು. ಒಬ್ಬರ ಬ್ಯಾರೆ ರೋಗ ಇನ್ನೊಬ್ಬರಿಗೆ ದಾಟತಿತ್ತು. ಎರಡನೇದು ನಮ್ಮ ಸಮಾಜದ ರೋಗ: "ಆ ಜಾತಿಯವರ ತೋಳಿನ ಕೀವು ನಮ್ಮ ಮಗುಗೆ ಬ್ಯಾಡ" ಅನ್ನೋದು. ಹಂಗಾಗಿ 19ನೇ ಶತಮಾನದ ಕೊನೆ ಹೊತ್ತಿಗೆ ಕರುಗಳ ಮ್ಯಾಲೆ ಲಸಿಕೆ ಬೆಳೆಸೋ ಪದ್ಧತಿ ಬಂತು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಚರ್ಮ ಗೀರಿ, ಲಸಿಕೆಯ ವೈರಸ್ ಹಚ್ಚತಿದ್ದರು. ನಾಲ್ಕೈದು ದಿನಕ್ಕ ಗುಳ್ಳೆ ಏಳತಿದ್ವು. ಅದನ್ನ ಕೆರೆದು ತೆಗೆದು, ಗ್ಲಿಸರಿನ್ ಜೋಡಿ ಅರೆದು, ಸಣ್ಣ ಕೊಳವೆಗಳಲ್ಲಿ ತುಂಬತಿದ್ದರು.

ಈ ಕೆಲಸಕ್ಕ ತಂಪು ಹವಾ ಬೇಕು. ಬೆಳಗಾವಿ ಹವಾ ಗೊತ್ತಲ್ಲ, ನಮ್ಮ ಅಥಣಿಯಾಗ ಏಪ್ರಿಲ್‌ನಾಗ ಬೆಂದು ಹೋಗ್ತೀವಿ, ಅಲ್ಲಿ ಸಂಜಿಕಿ ಸ್ವೆಟರ್ ಹಾಕ್ಕೊಂಡು ಅಡ್ಡಾಡತಾರ. ಹಂಗಾಗಿ ಬಾಂಬೆ ಪ್ರಾಂತ್ಯಕ್ಕ ಬೇಕಾದ ಸಿಡುಬಿನ ಲಸಿಕೆ ಬೆಳಗಾವಿಯ ಈ ಡಿಪೋದಾಗ ತಯಾರಾಗಾಕತ್ತಿತು. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗ ಬೆಳಗಾವಿ ಮೈಸೂರು ರಾಜ್ಯಕ್ಕ ಬಂತು, ಡಿಪೋನೂ ಜೋಡಿಗೆ ಬಂತು. ಜತ್, ಮಿರಜ, ಸಾಂಗ್ಲಿ ಆ ಕಡೆ ಉಳಿದ್ವು. ನಮ್ಮ ಆಯಿ ತವರುಮನೆ ಜತ್ ತಾಲೂಕಿನಾಗ ಐತಿ, ಮನ್ಯಾಗ ಮಾತಾಡೋದು ಕನ್ನಡ, ಶಾಳ್ಯಾಗ ಕಲಿತದ್ದು ಮರಾಠಿ. ಆಕಿ ಹುಟ್ಟಿದಾಗ ತವರುಮನೆ, ಗಂಡನಮನೆ ಎರಡೂ ಒಂದೇ ರಾಜ್ಯ. ಮದುವಿ ಆದಾಗ ಎರಡು ರಾಜ್ಯ. ಸಿಡುಬಿಗೆ ಮಾತ್ರ ಈ ಸುದ್ದಿ ಯಾರೂ ಮುಟ್ಟಿಸಿರಲಿಲ್ಲ.

5/9
ಈಗ ಆಯಿಗೆ ಎರಡು ಸಲ ಯಾಕ ಹಾಕಿದ್ರು ಅನ್ನೋದಕ್ಕ ಬರತೀನಿ.

1958ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇತ್ತು. ಅಲ್ಲಿ ಸೋವಿಯತ್ ರಷ್ಯಾದ ಉಪ ಆರೋಗ್ಯ ಮಂತ್ರಿ ವಿಕ್ಟರ್ ಝ್ದಾನೊವ್ ಎದ್ದು ನಿಂತು, ಸಿಡುಬನ್ನ ಇಡೀ ಭೂಮಿಯಿಂದ ಅಳಿಸೋಣ, ಲಸಿಕೆ ನಾವು ಕೊಡತೀವಿ ಅಂದ. ಯಾವ ಕಾಲ ಅಂತ ನೋಡ್ರಿ. ಅಮೆರಿಕ, ರಷ್ಯಾ ಒಬ್ಬರ ಮ್ಯಾಲೆ ಒಬ್ಬರು ಅಣುಬಾಂಬ್ ಗುರಿ ಇಟ್ಟು ಕುಂತ ಕಾಲ. ಮರುವರ್ಷ ಠರಾವು ಪಾಸ್ ಆಯ್ತು. ಭಾರತ 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಶುರು ಮಾಡಿತು. ಗುರಿ: 3 ವರ್ಷದಾಗ 80% ಜನರಿಗೆ ಲಸಿಕೆ.

ಟಾರ್ಗೆಟ್ ಅಂದ ಮ್ಯಾಲೆ ಗೊತ್ತಲ್ಲ. ಲಸಿಕೆ ಹಾಕೋರಿಗೆ ದಿನಕ್ಕ ಇಷ್ಟು ಅಂತ ಲೆಕ್ಕ ಕೊಡಬೇಕಿತ್ತು. ಮೈಲಿ ಹೆಚ್ಚು ಇದ್ದ ಕಡೆ, ಅಂದ್ರ ಕೂಲಿ ಹುಡುಕಿ ಊರೂರು ತಿರಗೋರ ಹತ್ರ, ಊರ ಹೊರಗಿನ ಕೇರಿಗಳಿಗೆ ಹೋಗೋದು ಕಷ್ಟ. ಶಾಳ್ಯಾಗ ಮಕ್ಕಳು ಸಾಲಾಗಿ ಕುಂತಿರತಾರ. ಹೋದರು, ಹಾಕಿದರು, ಬರಕೊಂಡರು. ಮರುವರ್ಷ ಮತ್ತ ಅದೇ ಶಾಳಿ, ಅದೇ ತೋಳು. ದೇಶದ ಭಾಳ ಕಡೆ ಹಿಂಗ ಆಯ್ತು ಅಂತ ಆಮ್ಯಾಲೆ ತಜ್ಞರೇ ಬರೆದಾರ. ಕಾಗದದ ಮ್ಯಾಲೆ ಕೋಟಿಗಟ್ಟಲೆ ಲಸಿಕೆ. ರೋಗ ಮಾತ್ರ ಅಲ್ಲೇ. ನಾವು ಬಿಕಾಂನವರು ಇದಕ್ಕ ಏನ್ ಅಂತೀವಿ? ಡಬಲ್ ಎಂಟ್ರಿ ಅಂತ ಜೋಕ್ ಮಾಡಬ್ಯಾಡ್ರಿ, ನಾನೇ ಮಾಡಿಬಿಟ್ಟೆ.

ಇನ್ನೊಂದು ತೊಂದರೆ ಬಿಸಿಲು. ಗ್ಲಿಸರಿನ್‌ನಾಗಿನ ದ್ರವ ಲಸಿಕೆ ನಮ್ಮ ಸೆಕೆಗೆ ಕೆಲವೇ ದಿನದಾಗ ಸತ್ತು ಹೋಗತಿತ್ತು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕಾಲಿಯರ್ 1950ರ ದಶಕದಲ್ಲಿ ಲಸಿಕೆಯನ್ನ ಹೆಪ್ಪುಗಟ್ಟಿಸಿ ಒಣಗಿಸೋ ಪದ್ಧತಿ ಸರಿ ಮಾಡಿದ. ಆ ಪುಡಿ 37 ಡಿಗ್ರಿಯಲ್ಲಿ ಒಂದು ತಿಂಗಳು ಇಟ್ಟರೂ ಕೆಡತಿರಲಿಲ್ಲ. ರಷ್ಯಾ ಈ ಒಣ ಲಸಿಕೆಯನ್ನ ರಾಶಿಗಟ್ಟಲೆ ತಯಾರಿಸಿ ಜಗತ್ತಿಗೆ ಕೊಟ್ಟಿತು, ಒಟ್ಟು 140 ಕೋಟಿ ಡೋಸ್‌ನಷ್ಟು. ಅದರಾಗ ದೊಡ್ಡ ಪಾಲು ಭಾರತಕ್ಕ ಬಂತು.

ಆದ್ರ ಎಷ್ಟು ದಿನ ದಾನದ ಮ್ಯಾಲೆ ಇರೋದು? ಯುನಿಸೆಫ್ ಯಂತ್ರ ಕೊಟ್ಟಿತು. ಭಾರತದ 4 ಕಡೆ ಒಣ ಲಸಿಕೆ ತಯಾರಿಕೆ ಶುರುವಾಯ್ತು: ಮದ್ರಾಸಿನ ಗಿಂಡಿ, ಹೈದರಾಬಾದ್, ನೈನಿತಾಲ್ ಹತ್ರದ ಪಟ್ವಾಡಂಗರ್, ಮತ್ತ ನಮ್ಮ ಬೆಳಗಾವಿ! ಇದನ್ನ ಓದಿದಾಗ ರಾತ್ರಿ 11 ಗಂಟೆ, ಎದ್ದು ಕುಂತೆ. ಕ್ರಿಕೆಟ್ ಗ್ರೌಂಡ್ ಅಂತ ತಿಳಕೊಂಡ ಜಾಗ ದೇಶದ ನಾಲ್ಕರಾಗ ಒಂದು. ಕಾರ್ಯಕ್ರಮದ ಲಸಿಕೆ ಸರಿ ಐತೋ ಇಲ್ಲೋ ಅಂತ ನೋಡಾಕ ಕೆನಡಾದ ಟೊರೊಂಟೊ ಮತ್ತ ನೆದರ್‌ಲ್ಯಾಂಡ್ಸ್‌ನಾಗ ವಿಶ್ವ ಆರೋಗ್ಯ ಸಂಸ್ಥೆಯ ಪರೀಕ್ಷಾ ಲ್ಯಾಬ್ ಇದ್ವು. 1970ರ ದಶಕದ ಮೊದಲ ವರ್ಷಗಳಲ್ಲಿ ಭಾರತ ತನಗ ಬೇಕಾದ ಲಸಿಕೆಯನ್ನ ತಾನೇ ಮಾಡಿಕೊಳ್ಳೋ ಹಂತಕ್ಕ ಬಂತು.

ಸೂಜಿ ಬಗ್ಗೆನೂ ಹೇಳಿಬಿಡತೀನಿ. ಆಯಿ ಕಾಲದ್ದು ತಿರುಗಿಸಿ ಒತ್ತೋ ಹಲ್ಲಿನ ಚಕ್ರ. ಅದಕ್ಕ ಆಕಿ ಕಲೆ ಅಷ್ಟು ಅಗಲ ಐತಿ. 1960ರ ದಶಕದಲ್ಲಿ ಅಮೆರಿಕದ ವೈಯತ್ ಕಂಪನಿಯ ಬೆಂಜಮಿನ್ ರೂಬಿನ್ ಎರಡು ಮೊನೆಯ ಸಣ್ಣ ಸೂಜಿ ಮಾಡಿದ. ಎರಡು ಮೊನೆ ನಡುವ ಒಂದು ಹನಿ ನಿಲ್ಲತಿತ್ತು, 15 ಸಲ ಚುಚ್ಚಿದರ ಮುಗೀತು. ಮೊದಲು ಒಬ್ಬರಿಗೆ ಬೇಕಾಗತಿದ್ದ ಲಸಿಕೆಯಲ್ಲಿ ಈಗ ನಾಲ್ಕು ಮಂದಿಗೆ ಆಗತಿತ್ತು. ಕಂಪನಿ ವಿಶ್ವ ಆರೋಗ್ಯ ಸಂಸ್ಥೆಯಿಂದ ರಾಯಲ್ಟಿ ತಗೊಳ್ಳಲಿಲ್ಲ.

6/9
ಲಸಿಕೆ ಐತಿ, ಸೂಜಿ ಐತಿ, ಮತ್ತ ಯಾಕ ರೋಗ ಹೋಗಲಿಲ್ಲ? ಯಾಕಂದ್ರ ರೋಗ ಎಲ್ಲಿ ಐತಿ ಅಂತನೇ ಗೊತ್ತಿರಲಿಲ್ಲ.

1966ರ ಕೊನೆಗೆ ನೈಜೀರಿಯಾದಲ್ಲಿ ವಿಲಿಯಂ ಫೋಗಿ ಅನ್ನೋ ಅಮೆರಿಕನ್ ಡಾಕ್ಟರ್ ಹತ್ರ ಎಲ್ಲಾರಿಗೂ ಹಾಕುವಷ್ಟು ಲಸಿಕೆ ಇರಲಿಲ್ಲ. ಹಂಗಾಗಿ ಅಂವ ರೋಗ ಇದ್ದ ಮನೆ ಹುಡುಕಿ, ಆ ಮನೆ ಸುತ್ತಲಿನವರಿಗೆ ಮಾತ್ರ ಹಾಕಿದ. ರೋಗ ನಿಂತು ಹೋಯ್ತು. ಎರಡನೇ ಭಾಗದ ಮೂರು ದೌರ್ಬಲ್ಯ ನೆನಪಾದ್ವೇನು? ಹುಡುಕು, ಸುತ್ತುಗಟ್ಟು. ಅಷ್ಟ.

ಭಾರತದಲ್ಲಿ ಇದು ದೊಡ್ಡದಾಗಿ ಶುರುವಾಗಿದ್ದು 1973ರಲ್ಲಿ. ದಿಲ್ಲಿಯ ವಿಶ್ವ ಆರೋಗ್ಯ ಸಂಸ್ಥೆ ಕಚೇರಿಯಲ್ಲಿ ನಿಕೋಲ್ ಗ್ರಾಸೆ, ಅಮೆರಿಕದ ಫೋಗಿ, ಚೆಕೊಸ್ಲೊವಾಕಿಯಾದ ಝ್ದೆನೊ ಯೆಜೆಕ್, ಭಾರತ ಸರ್ಕಾರದ ಕಡೆಯಿಂದ ಡಾ. ಎಂ.ಐ.ಡಿ. ಶರ್ಮಾ, ಡಾ. ಮಹೇಂದ್ರ ದತ್ತಾ. ಆ ಅಕ್ಟೋಬರ್‌ನಾಗ ಉತ್ತರ ಪ್ರದೇಶ, ಬಿಹಾರದಲ್ಲಿ ಆರೋಗ್ಯ ಇಲಾಖೆಯ ಮಂದಿ ಎಲ್ಲಾ ಕೆಲಸ ಬಿಟ್ಟು ಒಂದು ವಾರ ಹಳ್ಳಿ ಹಳ್ಳಿ ತಿರುಗಿದರು. ಕೈಯಾಗ ಸಿಡುಬು ಬಂದ ಮಗುವಿನ ಬಣ್ಣದ ಚಿತ್ರ. "ಇಂಥವರು ಯಾರಾರ ಅದಾರೇನು?" ಅಂತ ಶಾಳ್ಯಾಗ, ಸಂತ್ಯಾಗ, ಚಹಾದಂಗಡಿಯಾಗ ಕೇಳೋದು.

ಆ ಹುಡುಕಾಟಕ್ಕೆ ಮುಂಚೆ ವಾರಕ್ಕ ಕೆಲವು ನೂರು ಕೇಸ್ ವರದಿ ಆಗತಿದ್ವು. ಹುಡುಕಿದಾಗ ಸಿಕ್ಕಿದ್ದು ಸುಮಾರು 10,000.

ಅಂದ್ರ ಉಳಿದವು ಎಲ್ಲಿ ಇದ್ವು? ಮನ್ಯಾಗ, ಬಾಗಿಲು ಹಾಕ್ಕೊಂಡು. ಊರವರು ಮುಚ್ಚಿಟ್ಟರು, ಕೆಳಗಿನ ನೌಕರರು ಮೇಲಿನವರಿಗೆ ಹೆದರಿ ಮುಚ್ಚಿಟ್ಟರು, ಯಾಕಂದ್ರ ಕೇಸ್ ಹೆಚ್ಚು ತೋರಿಸಿದವರಿಗೆ ಬೈಗುಳ ಸಿಗತಿತ್ತು. ಗ್ರಾಸೆ, ಶರ್ಮಾ ಗುಂಪು ಇದನ್ನ ಉಲ್ಟಾ ಮಾಡಿತು. ಕೇಸ್ ಹುಡುಕಿ ಹೇಳಿದವರಿಗೆ ಬಹುಮಾನ. ಮೊದಲು 50 ರೂಪಾಯಿ, ಆಮ್ಯಾಲೆ 100, ಕೊನೆಗೆ 1,000. ಹುಡುಕಿದ ಊರುಗಳಲ್ಲಿ ಕೆಲವನ್ನ ಬ್ಯಾರೆ ತಂಡ ಹೋಗಿ ಮತ್ತ ಪರೀಕ್ಷೆ ಮಾಡತಿತ್ತು, ನಿಜವಾಗಿ ಮನೆ ಮನೆಗೆ ಹೋಗ್ಯಾರೋ ಇಲ್ಲಾ ಚಹಾ ಕುಡಿದು ಸಹಿ ಹಾಕ್ಯಾರೋ ಅಂತ. ನಮ್ಮ ಆಡಿಟಿಂಗ್ ಪುಸ್ತಕದ ಟೆಸ್ಟ್ ಚೆಕ್ ಅಂದ್ರ ಇದೇ ನೋಡ್ರಿ, ನನಗ ಆ ಚಾಪ್ಟರ್ ಮೊದಲ ಸಲ ತಲಿಗೆ ಹೋಯ್ತು.

ಇಲ್ಲಿ ಒಂದು ಮಾತು ಹೇಳಬೇಕು. ಬರೆಯೋದೋ ಬ್ಯಾಡೋ ಅಂತ ಎರಡು ದಿನ ಬಿಟ್ಟಿದ್ದೆ.

2021ರ ಮೇ ತಿಂಗಳು, ಎರಡನೇ ಅಲೆ. ನಮ್ಮ ಅಜ್ಜಗ ಜ್ವರ ಬಂತು, ಕೆಮ್ಮು ಬಂತು. ಆಶಾ ಅಕ್ಕಾ ಬಾಗಿಲಿಗೆ ಬಂದು "ಯಾರಿಗಾರ ಜ್ವರ ಐತೇನ್ರಿ?" ಅಂತ ಕೇಳಿದ್ರು. ಅಪ್ಪ "ಇಲ್ರಿ, ಎಲ್ಲಾರೂ ಆರಾಮ ಅದೀವಿ" ಅಂದ. ನಾ ಪಕ್ಕದಾಗ ನಿಂತಿದ್ದೆ, ಸುಮ್ಮನ ಇದ್ದೆ. ಕಾರಣ ಏನಂದ್ರ ಮನ್ಯಾಗ ನಾಲ್ಕು ಎಮ್ಮಿ ಅದಾವ. ಕೇಸ್ ಅಂತ ಗೊತ್ತಾದ್ರ ಡೇರಿಯವರು ಹಾಲು ತಗೊಳ್ಳೋದಿಲ್ಲ ಅಂತ ಹೆದರಿಕಿ. ಅಜ್ಜ ಹತ್ತು ದಿನದಾಗ ಆರಾಮ ಆದ. ಅದೇ ತಿಂಗಳು ನಮ್ಮ ಓಣಿಯ ಒಬ್ಬ ಕಾಕಾನ್ನ ಮಿರಜಿಗೆ ಒಯ್ದರು, ಅಂವ ವಾಪಸ್ ಬರಲಿಲ್ಲ. ದಿನಾ ಸಂಜಿಕಿ ಅಜ್ಜನ ಜೋಡಿ ಕಟ್ಟಿ ಮ್ಯಾಲೆ ಕೂಡತಿದ್ದ ಮನುಷ್ಯ. ನಮ್ಮಿಂದನ ಹೋತು ಅನ್ನಾಕ ಬರೋದಿಲ್ಲ. ಅಲ್ಲ ಅನ್ನಾಕೂ ಬರೋದಿಲ್ಲ.

10,000 ಅನ್ನೋ ಸಂಖ್ಯೆ ಓದಿದಾಗ ನನಗ ಬಿಹಾರ ಕಾಣಲಿಲ್ಲ, ನಮ್ಮ ಬಾಗಿಲು ಕಂಡಿತು.

7/9
1974 ಭಾಳ ಕೆಟ್ಟ ವರ್ಷ. ಭಾರತದಲ್ಲಿ 1.88 ಲಕ್ಷ ಕೇಸ್, 31,000ಕ್ಕೂ ಹೆಚ್ಚು ಸಾವು. ಹೆಚ್ಚಿನವು ಬಿಹಾರದಾಗ. ಆ ಮೇ 18ರಂದು ಪೋಖ್ರಾನ್‌ನಾಗ ಭಾರತ ಅಣು ಪರೀಕ್ಷೆ ಮಾಡಿತು. ಬಾಂಬ್ ಮಾಡಾಕ ಬರತದ, ಸಿಡುಬು ತಡಿಯಾಕ ಬರೋದಿಲ್ಲೇನು ಅಂತ ಹೊರದೇಶದ ಪತ್ರಿಕೆಗಳು ಬರೆದ್ವು.

ಈ ಹುಡುಕಾಟ, ಸುತ್ತುಗಟ್ಟೋದು ಸಾಕು, ಹಳೇ ಪದ್ಧತಿಯಂತೆ ಎಲ್ಲಾರಿಗೂ ಲಸಿಕೆ ಹಾಕೋಣ ಅಂತ ಬಿಹಾರದ ಆರೋಗ್ಯ ಮಂತ್ರಿ ಒಂದು ಸಭೆಯಲ್ಲಿ ಹೇಳಿಬಿಟ್ಟರಂತ. ಆಗ ಹಿಂದಿನ ಸಾಲಿನಿಂದ ಒಬ್ಬ ತರುಣ ಭಾರತೀಯ ಡಾಕ್ಟರ್ ಎದ್ದು ನಿಂತ. ನಮ್ಮ ಹಳ್ಳಿಯಲ್ಲಿ ಮನೆಗೆ ಬೆಂಕಿ ಬಿದ್ದರೆ ಬೆಂಕಿ ಬಿದ್ದ ಮನೆಗೇ ನೀರು ಹಾಕತೀವಿ, ಊರಾಗಿನ ಎಲ್ಲಾ ಮನೆಗೂ ಅಲ್ಲ ಅನ್ನೋ ಅರ್ಥದ ಮಾತು ಹೇಳಿದ. ಮಂತ್ರಿ ಇನ್ನೊಂದು ತಿಂಗಳು ಟೈಮ್ ಕೊಟ್ಟರು. ಫೋಗಿ ಆಮ್ಯಾಲೆ ಬರೆದ ಪುಸ್ತಕಕ್ಕ ಬೆಂಕಿ ಹತ್ತಿದ ಮನಿ ಅನ್ನೋ ಅರ್ಥದ ಹೆಸರು ಇಟ್ಟಿದ್ದು ಇದಕ್ಕ.

ಜಮ್‌ಶೆಡ್‌ಪುರದ ಟಾಟಾನಗರ ರೈಲ್ವೆ ಸ್ಟೇಶನ್‌ನಿಂದ ರೋಗ ಟಿಕೆಟ್ ತಗೊಂಡು ದೇಶದ ತುಂಬ ಹೊಂಟಿತ್ತು. ಅಲ್ಲಿದ್ದ ಅಮೆರಿಕನ್ ಡಾಕ್ಟರ್ ಲ್ಯಾರಿ ಬ್ರಿಲಿಯಂಟ್ ಟಾಟಾ ಕಂಪನಿ ಬಾಗಿಲು ಬಡಿದ. ಕಂಪನಿ ಮಂದಿ, ಜೀಪ್, ಡಾಕ್ಟರ್ ಎಲ್ಲಾ ಕೊಟ್ಟಿತು. ಸಿಎಸ್‌ಆರ್ ಅನ್ನೋ ಶಬ್ದ ನಮ್ಮ ಸಿಲಬಸ್‌ಗೆ ಬರೋಕ್ಕಿಂತ ಎಷ್ಟೋ ಮೊದಲು.

ಆದ್ರ ಇದೇ ಬ್ರಿಲಿಯಂಟ್ ಬರೆದ ಇನ್ನೊಂದು ಘಟನೆ ಐತಿ, ಅದನ್ನ ಬಿಟ್ಟು ಬರೆದರ ಸುಳ್ಳಾಗ್ತದ. ಜಮ್‌ಶೆಡ್‌ಪುರದ ಹತ್ರ ಹೋ ಅನ್ನೋ ಆದಿವಾಸಿ ಸಮುದಾಯದ ಮುಖಂಡ ಒಬ್ಬ ಲಸಿಕೆ ಬ್ಯಾಡ ಅಂದ. ರೋಗ ಕೊಡೋದು, ಬಿಡೋದು ದೇವರಿಗೆ ಸೇರಿದ್ದು ಅನ್ನೋದು ಅವನ ಮಾತು. ಒಂದು ರಾತ್ರಿ ತಂಡ ಅವನ ಗುಡಿಸಲಿನ ಬಾಗಿಲು ಒಡೆದು ಒಳಗ ನುಗ್ಗಿತು. ನೆಲಕ್ಕ ಕೆಡವಿ, ಹಿಡಿದು, ಮನೆಯವರಿಗೆಲ್ಲಾ ಚುಚ್ಚಿದರು. ಎಲ್ಲಾ ಮುಗಿದ ಮ್ಯಾಲೆ ಅಂವ ಎದ್ದು, ಹಿತ್ತಲಿಗೆ ಹೋಗಿ, ಬಳ್ಳಿಯಿಂದ ಸೌತಿಕಾಯಿ ಹರಕೊಂಡು ಬಂದು ಅವರ ಕೈಗೆ ಕೊಟ್ಟ. ನನ್ನ ಧರ್ಮ ನಾ ಮಾಡಿದೆ, ನಿಮ್ಮದು ನೀವು ಮಾಡಿದ್ರಿ, ಜಗಳ ಮುಗೀತು, ಈಗ ನೀವು ನನ್ನ ಮನಿ ಅತಿಥಿ, ಅನ್ನೋ ಅರ್ಥದ ಮಾತು ಹೇಳಿದನಂತ.

ಕ್ಲಾಸಿನಾಗ ಈ ಘಟನೆ ಹೇಳಿದಾಗ ಅರ್ಧ ಮಂದಿ "ಸರಿ ಮಾಡಿದ್ರು, ಇಲ್ಲಾಂದ್ರ ರೋಗ ಹೋಗತಿರಲಿಲ್ಲ" ಅಂದ್ರು. ಇನ್ನರ್ಧ "ಬಾಗಿಲು ಒಡಿಯಾಕ ಅವರ್ಯಾರು?" ಅಂದ್ರು. ನಾ ಎರಡನೇ ಗುಂಪಿನಾಗ ಅದೀನಿ. ಬಾಗಿಲು ಒಡೆದದ್ದಕ್ಕ ಮುಂದಿನ ಊರಿನವರು ಇನ್ನೂ ಆಳಕ್ಕ ಮುಚ್ಚಿಟ್ಟಿರತಾರ, ಅದರ ಲೆಕ್ಕ ಯಾವ ವರದಿಯಾಗೂ ಬರೋದಿಲ್ಲ. ಸಾವಿರ ರೂಪಾಯಿ ಬಹುಮಾನ ಮಾಡಿದ ಕೆಲಸವನ್ನ ಕಾಲಿನ ಒದಿ ಮಾಡತಿತ್ತು ಅಂತ ನನಗ ಅನಿಸೋದಿಲ್ಲ. ಕಾಮೆಂಟಿನಾಗ ಜಗಳ ಆಡ್ರಿ, ಬೈಬ್ಯಾಡ್ರಿ.

8/9
ಲಕ್ಷಕ್ಕೂ ಹೆಚ್ಚು ಮಂದಿ ದೇಶದಾಗ 10 ಕೋಟಿಗೂ ಹೆಚ್ಚು ಮನೆ ತಿರುಗಿದರು. 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜ್‌ನಲ್ಲಿ ಸಿಕ್ಕಿದ್ದು ಭಾರತದ ಕೊನೆ ಕೇಸ್, ಅದೂ ಬಾಂಗ್ಲಾದೇಶದಿಂದ ಬಂದ ಸೋಂಕು. ಮುಂದೆ 2 ವರ್ಷ ಹುಡುಕಿದರೂ ಏನೂ ಸಿಗದ ಮ್ಯಾಲೆ 1977ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಸಮಿತಿ ಭಾರತಕ್ಕ ಸರ್ಟಿಫಿಕೇಟ್ ಕೊಟ್ಟಿತು. ಅದೇ ಅಕ್ಟೋಬರ್‌ನಲ್ಲಿ ಸೊಮಾಲಿಯಾದ ದವಾಖಾನೆಯ ಅಡುಗೆಯವ ಅಲಿ ಮಾವ್ ಮಾಲಿನ್‌ಗೆ ಬಂದದ್ದು ಜಗತ್ತಿನಾಗ ಸಹಜವಾಗಿ ಹರಡಿದ ಸಿಡುಬಿನ ಕೊನೆ ಕೇಸ್. ಅಂವ ಬದುಕಿದ. ಆಮ್ಯಾಲೆ ಪೋಲಿಯೊ ಲಸಿಕೆ ಪರ ಊರೂರು ತಿರುಗಿದ. 1980ರ ಮೇ 8ರಂದು ವಿಶ್ವ ಆರೋಗ್ಯ ಸಂಸ್ಥೆ ಸಿಡುಬು ಹೋಯ್ತು ಅಂತ ಘೋಷಿಸಿತು. ರೋಗ ಇಲ್ಲದ ಮ್ಯಾಲೆ ಲಸಿಕೆ ಯಾಕ? ನಿಲ್ಲಿಸಿದರು. ಅದಕ್ಕ ಅಪ್ಪನ ತೋಳಿಗೆ ಆ ಕಲೆ ಇಲ್ಲ.

ಈಗ ಖರ್ಚು, ನಮ್ಮ ಸಬ್ಜೆಕ್ಟ್. 1967ರಿಂದ ಜಗತ್ತಿನಾಗ ಇದಕ್ಕ ಆದ ಖರ್ಚು ಸುಮಾರು 30 ಕೋಟಿ ಡಾಲರ್. ಅದರಾಗ ಹೊರಗಿನ ನೆರವು ಸುಮಾರು ಮೂರರಾಗ ಒಂದು ಪಾಲು. ಉಳಿದ ಎರಡು ಪಾಲು ರೋಗ ಇದ್ದ ಬಡ ದೇಶಗಳೇ ಹಾಕಿದ್ದು. ಅಮೆರಿಕ, ರಷ್ಯಾ ಬಂದು ನಮ್ಮನ್ನ ಉಳಿಸಿದ್ರು ಅನ್ನೋರಿಗೆ ಈ ಅಂಕಿ ತೋರಿಸ್ರಿ. ಅವರು ಏನೂ ಮಾಡಲಿಲ್ಲ ಅನ್ನೋರಿಗೂ ತೋರಿಸ್ರಿ.

ಇನ್ನೊಂದು ಲೆಕ್ಕ, ನಮ್ಮ ನಾಲ್ಕು ಎಮ್ಮಿಯದು. ದೇಶಗಳೂ ನಮ್ಮ ಅಪ್ಪನಂಗ ಮಾಡತಾವ. 1896ರಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗ್ ಗುರುತಿಸಿದಾಗ ಮೊದಲು ನಂಬಾಕ ಯಾರಿಗೂ ಮನಸ್ಸಿರಲಿಲ್ಲ. ಬಂದರು ಬಂದ್ ಆದ್ರ ವ್ಯಾಪಾರ ಹೋಗ್ತದ. ಆ ಪ್ಲೇಗ್ ರೈಲು ಹತ್ತಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿವರೆಗೂ ಬಂತು. 1897ರಲ್ಲಿ ವೆನಿಸ್‌ನಾಗ ದೇಶಗಳೆಲ್ಲಾ ಪ್ಲೇಗ್ ಸಲುವಾಗೇ ಸಭೆ ಸೇರಿದ್ವು. ಅದೇ ವರ್ಷ ಬ್ರಿಟಿಷರು ತಂದ ಸಾಂಕ್ರಾಮಿಕ ರೋಗ ಕಾಯ್ದೆಯನ್ನೇ 2020ರಲ್ಲೂ ಬಳಸಿದ್ದು. 1994ರಲ್ಲಿ ಸೂರತ್‌ನಾಗ ಪ್ಲೇಗ್ ಅಂದಾಗ ಕೊಲ್ಲಿ ದೇಶಗಳು ವಿಮಾನ ನಿಲ್ಲಿಸಿದ್ವು, ನಮ್ಮ ಮಾಲು ವಾಪಸ್ ಕಳಿಸಿದ್ವು. ವಿಶ್ವ ಆರೋಗ್ಯ ಸಂಸ್ಥೆ ಹಂಗ ಮಾಡೋ ಅಗತ್ಯ ಇಲ್ಲ ಅಂದ್ರೂ ಕೇಳಲಿಲ್ಲ. ಇದನ್ನ ನೋಡಿದ ಬ್ಯಾರೆ ದೇಶ ಮುಂದಿನ ಸಲ ತನ್ನ ರೋಗ ತಾನೇ ಹೇಳತದೇನು?

2005ರ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಜಗತ್ತಿಗೆ ಅಪಾಯ ತರಬಹುದಾದ ರೋಗ ಅಂತ ಖಾತ್ರಿ ಆದ 24 ಗಂಟೆಯೊಳಗ ದೇಶ ತಿಳಿಸಬೇಕು. ಸಿಡುಬಾದರೆ ಒಂದೇ ಕೇಸ್ ಸಾಕು. ನಿಯಮ ಐತಿ. ಆದ್ರ ಹಾಲು ಡೇರಿ ತಗೊಳ್ಳದೇ ಇದ್ರ ಆ ವಾರದ ರೊಕ್ಕ ಯಾರು ಕೊಡತಾರ ಅನ್ನೋದಕ್ಕ ಆ ನಿಯಮದಾಗೂ ಉತ್ತರ ಇಲ್ಲ. 1974ರ ಬಹುಮಾನದಾಗ ಅರ್ಧ ಉತ್ತರ ಇತ್ತು ಅಂತ ನನಗನಿಸ್ತದ.

9/9
ಕೊನೆ ಫೋಟೋ ಕಾಗವಾಡ ರಸ್ತೆದು. 2021ರಲ್ಲಿ ಇಲ್ಲಿ ಚೆಕ್‌ಪೋಸ್ಟ್ ಇತ್ತು, ನಿಪ್ಪಾಣಿ ಕಡೆ ಕೊಗನೊಳಿಯಾಗ ಇದ್ದಂಗ. ಮಹಾರಾಷ್ಟ್ರದಿಂದ ಬರೋರಿಗೆ ಆರ್‌ಟಿಪಿಸಿಆರ್ ನೆಗೆಟಿವ್ ರಿಪೋರ್ಟ್ ಬೇಕಿತ್ತು. ಆಯಿ ತಮ್ಮ ಜತ್ ಕಡೆಯಿಂದ ಹೊಲದ ದಾರಿ ಹಿಡಿದು, ಹಳ್ಳ ದಾಟಿ, ಗಾಡಿ ಮ್ಯಾಲೆ ಜ್ವಾಳದ ಚೀಲ ಇಟ್ಟುಕೊಂಡು ಬಂದ. ರಸ್ತೆಯಾಗ ಪೊಲೀಸರು, ಹೊಲದಾಗ ಯಾರೂ ಇಲ್ಲ. ಗಡಿ ಊರಿನ ಮಂದಿಗೆ ಇದೆಲ್ಲಾ ಹೇಳೋದು ಬ್ಯಾಡ, ನೀವೂ ಅದೇ ದಾರಿಯಾಗ ಹೋಗಿರತೀರಿ. ಎರಡೂ ಕಡೆ ಒಂದೇ ಬೀಗರು, ಒಂದೇ ದವಾಖಾನಿ. ಪಟ್ಟಿ ಮಾತ್ರ ಎರಡು. ಈ ಕಡೆಯ ಕೇಸ್ ಮಿರಜಿನಾಗ ಸಿಗತಿತ್ತು, ಆ ಕಡೆಯ ಸುದ್ದಿ ನಮಗ ವಾಟ್ಸಾಪ್‌ನಾಗ ಬರತಿತ್ತು.

ಅದೇ ವರ್ಷದ ಜನವರಿಯಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಂಡುಹಿಡಿದು ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್ ಬೆಳಗಾವಿಗೆ ಬಂತು. ಇಳಿಸಿ ಇಟ್ಟಿದ್ದು ಎಲ್ಲಿ ಗೊತ್ತೇನು? ಟಿಳಕವಾಡಿ, ವ್ಯಾಕ್ಸಿನ್ ಡಿಪೋ. ಅಲ್ಲಿಂದ ಸುತ್ತಲಿನ ಜಿಲ್ಲೆಗಳಿಗೆ ಹೋಯ್ತು. ನನ್ನ ದೋಸ್ತ ಹೇಳಿದ್ದು ಪೂರ್ತಿ ತಪ್ಪೇನೂ ಅಲ್ಲ ಬಿಡ್ರಿ.

ಸ್ವಲ್ಪ ದಿನದ ಮ್ಯಾಲೆ ಆಯಿನ್ನ ನಾನೇ ಗಾಡಿ ಮ್ಯಾಲೆ ಕರಕೊಂಡು ದವಾಖಾನಿಗೆ ಹೋಗಿದ್ದೆ. ಸಾಲಿನಾಗ ಒಂದು ತಾಸು ನಿಂತ್ವಿ. ಬರೋದಿಲ್ಲ ಅಂತಾಳೇನೋ ಅಂತ ನನಗ ಅಂಜಿಕಿ ಇತ್ತು, ಓಣಿಯಾಗ ಸೂಜಿ ಬಗ್ಗೆ ಏನೇನೋ ಮಾತು ಹಬ್ಬಿದ್ವು. ಆಕಿ ಸುಮ್ಮನ ಹೋಗಿ ಕುರ್ಚಿ ಮ್ಯಾಲೆ ಕುಂತಳು. ಸಿಸ್ಟರ್ "ಎಡಗೈ ಕೊಡ್ರಿ ಅಮ್ಮಾ" ಅಂದ್ರು. ಆಯಿ ಸೆರಗು ಸರಿಸಿ ಆ ಎರಡು ಕಲೆ ತೋರಿಸಿದಳು, ಆಮ್ಯಾಲೆ ಬಲಗೈ ಮುಂದ ಮಾಡಿ ಅಂದಳು:

"ಇದಕ್ಕ ಹಾಕು ಯವ್ವಾ, ಆ ಕೈಯಾಗ ಜಾಗಾ ಇಲ್ಲ."